ಮಂಗಳನ ಮಣ್ಣಿಗೆ ನಯಾಜ್ ಹಾಕಿದ ಗೊಬ್ಬರ

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೋಟೆಲುಗಳ ಸಾಲು ಮುಗಿಯುವ ಕಡೆ, ಸರ್ವಿಸ್ ರಸ್ತೆಯ ಪಕ್ಕದಲ್ಲಿ, ಹಸಿರು ಬಲೆ ಹೊದ್ದ ಒಂದು ನರ್ಸರಿ ಇದೆ. ಬೋರ್ಡು ಕಾಣುವುದಿಲ್ಲ. ಹಾಕಿಸಿದ್ದುಂಟು, ಅದರ ಮೇಲೆ ಶಂಖಪುಷ್ಪದ ಬಳ್ಳಿ ಹಬ್ಬಿಕೊಂಡಿತು, ಬಳ್ಳಿ ಕತ್ತರಿಸಲು ಮಾಲೀಕರಿಗೆ ಮನಸ್ಸು ಬರಲಿಲ್ಲ. ಆ ಮಾಲೀಕರೇ ನಯಾಜ್ ಅಹಮದ್. ವಯಸ್ಸು ಐವತ್ತು ದಾಟಿದೆ, ಗಡ್ಡ ಅರ್ಧ ನೆರೆತಿದೆ. ಉಗುರಿನ ಸಂದಿಯ ಮಣ್ಣು ಮದುವೆಯ ದಿನವೂ ಹೋಗಿರಲಿಲ್ಲವೆಂದು ಅವರ ಹೆಂಡತಿ ಬಾನು ಈಗಲೂ ಹೇಳುತ್ತಾರೆ.

ಈ ಮನುಷ್ಯ ವ್ಯಾಪಾರಕ್ಕೆ ಕುಳಿತದ್ದೇ ಒಂದು ತಮಾಷೆ. ಗುಲಾಬಿ ಗಿಡ ಕೇಳಿಕೊಂಡು ಬಂದವರನ್ನು, ಹೆಣ್ಣು ಕೊಡುವವರು ಗಂಡಿನ ಕಡೆಯವರನ್ನು ವಿಚಾರಿಸುವಂತೆ ವಿಚಾರಿಸುತ್ತಾರೆ. ಮನೆ ಯಾವ ದಿಕ್ಕಿಗಿದೆ, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಊರಿಗೆ ಹೋದಾಗ ನೀರು ಹಾಕುವವರು ಯಾರು. ಉತ್ತರ ಸರಿಹೋಗದಿದ್ದರೆ ಗುಲಾಬಿ ಕೊಡುವುದಿಲ್ಲ. ಒಂದು ಮನಿಪ್ಲಾಂಟಿನ ತುಂಡು ಕೈಗಿಟ್ಟು ಕಳಿಸುತ್ತಾರೆ, ಅದೂ ಪುಕ್ಕಟೆ. ಮಾತಿಗೆ ಸಿಕ್ಕಿಹಾಕಿಕೊಂಡವರು ಬಸ್ಸು ತಪ್ಪಿಸಿಕೊಂಡದ್ದೂ ಉಂಟು. ಹೀಗಿದ್ದರೂ ನರ್ಸರಿ ನಡೆಯುತ್ತಿದೆ ಎಂದರೆ ಅದಕ್ಕೆ ಕಾರಣ, ಅವರು ಕೊಟ್ಟ ಗಿಡ ಸಾಯುವುದಿಲ್ಲ ಎಂದು ತುಮಕೂರಿನವರಿಗೆ ಇರುವ ನಂಬಿಕೆ.

ಆ ನಂಬಿಕೆಯ ಬೇರು ನರ್ಸರಿಯ ಹಿಂದುಗಡೆ ಇದೆ. ಅದು ನಯಾಜರ ತಂದೆ ಶುರುಮಾಡಿದ ಗೊಬ್ಬರದ ಗುಪ್ಪೆ. ಬುಡ ಕಾಣುವಷ್ಟು ತೆಗೆಯಬಾರದು, ತೆಗೆದ ದಿನವೇ ಏನಾದರೂ ಹಾಕಬೇಕು ಎಂಬುದು ಮುದುಕರ ಕಟ್ಟಪ್ಪಣೆ. ಉದುರೆಲೆ, ಹೋಟೆಲಿನ ಟೀ ಚರಟ, ಒಲೆಬೂದಿ, ಕುರಿಹಿಕ್ಕೆ, ಎಲ್ಲವೂ ಅದರ ಹೊಟ್ಟೆಗೆ. ಹಾಲಿಗೆ ಹೆಪ್ಪು ಹಾಕುವಂತೆ ಪ್ರತಿ ಗಿಡದ ಬುಡಕ್ಕೂ ಅದರಿಂದ ಒಂದು ಹಿಡಿ ಹೋಗಲೇಬೇಕು. ನಯಾಜ್ ಅದನ್ನು ಹೆಪ್ಪು ಎಂದೇ ಕರೆಯುತ್ತಾರೆ. ಚಳಿಗಾಲದ ಬೆಳಿಗ್ಗೆ ಗುಪ್ಪೆಯೊಳಗೆ ಕೈ ತೂರಿಸಿದರೆ ಬಿಸಿ ತಾಗುತ್ತದೆ. ಮಗಳು ಮುಬಶ್ಶಿರಾ ಚಿಕ್ಕವಳಿದ್ದಾಗ ಅವಳ ಕೈಯನ್ನೂ ಅದರೊಳಗೆ ಇಡಿಸಿ, ಇದು ಉಸಿರಾಡುತ್ತದೆ ನೋಡು ಎನ್ನುತ್ತಿದ್ದರು. ಮಕ್ಕಳನ್ನು ನಗಿಸಲು ಹೇಳುವ ಮಾತು. ಅದು ಅಕ್ಷರಶಃ ನಿಜ ಎಂಬುದು ಅವರಿಗೂ ಗೊತ್ತಿರಲಿಲ್ಲ.

ಮುಬಶ್ಶಿರಾ ಅವರ ಒಬ್ಬಳೇ ಮಗಳು. ಅಪ್ಪನ ಮಾತು ಅವಳಿಗೆ ಬರಲಿಲ್ಲ, ಹಟ ಮಾತ್ರ ಪೂರ್ತಿ ಬಂತು. ಗುಬ್ಬಿ ರಸ್ತೆಯ ಒಂದು ಖಾಸಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದಳು. ಅಲ್ಲಿನ ಕೋಮಲಾ ಮೇಡಂ ಎಂಬ ಅಧ್ಯಾಪಕಿಯ ತಲೆಯಲ್ಲಿ ವರ್ಷಗಳಿಂದ ಕೂತಿದ್ದದ್ದು ಒಂದೇ ಪ್ರಶ್ನೆ: ಮನುಷ್ಯ ಇನ್ನೊಂದು ಗ್ರಹಕ್ಕೆ ಹೋಗಿ ನೆಲೆಸಬೇಕಾದರೆ ಅವನ ಉಸಿರಿನ ಗತಿ ಏನು? ಇದಕ್ಕೆಂದೇ ಕಾಲೇಜಿನ ಹಿಂದಿನ ಬಯಲಿನಲ್ಲಿ ಮದುವೆ ಛತ್ರದ ಊಟದ ಹಾಲ್‌ಗಿಂತ ದೊಡ್ಡದಾದ ಒಂದು ಗಾಜಿನ ಮನೆ ಕಟ್ಟಿಸಿದ್ದರು. ಹೊರಗಿನ ಗಾಳಿ ಒಳಗೆ ಹೋಗದು, ಒಳಗಿನದು ಹೊರಗೆ ಬಾರದು. ಒಳಗೆ ಮಣ್ಣಿನ ಪಾತಿಗಳು, ಗಿಡಗಳು, ತಿಂಗಳ ರೇಷನ್ನು, ಇಬ್ಬರು ವಿದ್ಯಾರ್ಥಿನಿಯರು. ಮನುಷ್ಯರು ಬಿಟ್ಟ ಉಸಿರನ್ನು ಗಿಡ ತೆಗೆದುಕೊಳ್ಳಬೇಕು, ಗಿಡ ಬಿಟ್ಟದ್ದನ್ನು ಮನುಷ್ಯರು. ಒಂದು ತಿಂಗಳು ಬಾಗಿಲು ತೆಗೆಯದೆ ಇದು ನಡೆದರೆ ಗೆದ್ದಂತೆ. ನಡುವೆ ತೆಗೆದರೆ ಎರಡು ವರ್ಷದ ದುಡಿಮೆ ಮಣ್ಣುಪಾಲು. ಇನ್ನೊಂದು ಸಲ ಮಾಡಲು ಕಾಲೇಜಿನವರು ಬಿಡುವುದಿಲ್ಲವೆಂದು ಮೊದಲೇ ಹೇಳಿಬಿಟ್ಟಿದ್ದರು.

ಒಳಗೆ ಹೋಗಲು ಆಯ್ಕೆಯಾದವರು ಮುಬಶ್ಶಿರಾ ಮತ್ತು ಅವಳ ಸಹಪಾಠಿ ಸಿಂಚನಾ. ಸಿಂಚನಾ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ರೈತ ಚನ್ನವೀರಯ್ಯನವರ ಮಗಳು. ಇಬ್ಬರ ತಂದೆಯರೂ ಒಂದು ಕರಾರಿಗೆ ಸಹಿ ಹಾಕಿದರು. ಒಳಗಿನ ಗಾಳಿ ಅಳೆಯುವ ಮೀಟರಿನ ಮೇಲೆ ಒಂದು ಕೆಂಪು ಗೆರೆ ಇರುತ್ತದೆ, ಕೆಟ್ಟ ಗಾಳಿ ಅದನ್ನು ಮುಟ್ಟಿದರೆ ಮೇಡಂ ತಾವೇ ಬಾಗಿಲು ತೆಗೆಯುತ್ತಾರೆ. ಅದಕ್ಕೂ ಮೊದಲೇ ತೆಗೆಯಿರಿ ಎಂದು ತಂದೆಯರಲ್ಲಿ ಯಾರು ಹೇಳಿದರೂ, ಕಾರಣ ಕೇಳದೆ ತೆಗೆಯುತ್ತಾರೆ.

ಬಾನು ಮೊದಲು ಒಪ್ಪಿರಲಿಲ್ಲ. ಮನೆಯಲ್ಲೇ ಗಾಳಿ ಇರುವಾಗ ಗಾಜಿನೊಳಗೆ ಹೋಗಿ ಕೂರುವ ಕರ್ಮ ಏಕೆ ಎಂಬುದು ಅವರ ಸರಳವಾದ ಪ್ರಶ್ನೆ. ಅದಕ್ಕೆ ಮುಬಶ್ಶಿರಾ ಒಂದು ಸಂಜೆ ಇಬ್ಬರನ್ನೂ ನರ್ಸರಿಯ ಮುಂದೆ ನಿಲ್ಲಿಸಿ, ಹೆದ್ದಾರಿಯಾಚೆ ಆಗತಾನೆ ಕಣ್ಣುಬಿಟ್ಟಿದ್ದ ಕೆಂಪನೆಯ ಚುಕ್ಕಿಯೊಂದನ್ನು ತೋರಿಸಿದಳು. ಅದೇ ಮಂಗಳ. ಅಲ್ಲಿ ಗಾಳಿ ಇದೆ, ಇದ್ದೂ ಇಲ್ಲದಷ್ಟು ತೆಳು. ನೀರಿದೆ, ನೆಲದಡಿ ಕಲ್ಲಾಗಿ. ಮಣ್ಣಿನಲ್ಲಿ ವಿಷದಂಥ ಉಪ್ಪು. ಮಣ್ಣು ಎನ್ನುವ ಹೆಸರೂ ಅದಕ್ಕೆ ಸಲ್ಲದು, ಬರೀ ಕಲ್ಲಿನ ಪುಡಿ. ಅದರಲ್ಲಿ ಒಂದು ಹುಳ ಇಲ್ಲ, ಒಂದು ಬೇರು ಇಲ್ಲ, ಒಂದು ಎಲೆ ಕೊಳೆತದ್ದಿಲ್ಲ.

ನಯಾಜ್ ಬಹಳ ಹೊತ್ತು ಆ ಚುಕ್ಕಿಯನ್ನೇ ನೋಡಿದರು. ಕುರಿಮಂದೆ ಹಾಯದ ಹೊಲ ನೋಡಿದ್ದರು, ಉಪ್ಪು ಕಚ್ಚಿದ ಚೌಳುಭೂಮಿ ನೋಡಿದ್ದರು, ಕಲ್ಲುಕ್ವಾರಿಯ ಪಕ್ಕದ ಬಿಳಿಧೂಳಿನಲ್ಲೂ ಮೊಳೆತ ಎಕ್ಕದ ಗಿಡ ನೋಡಿದ್ದರು. ಒಂದು ಇಡೀ ಭೂಮಿಯಷ್ಟು ನೆಲ, ಅದರಲ್ಲಿ ಏನೊಂದೂ ಯಾವತ್ತೂ ಕೊಳೆತಿಲ್ಲ ಎಂಬುದನ್ನು ನೆನೆದು ಅವರಿಗೆ ಮೈ ಜುಮ್ಮೆಂದಿತು. ಅಲ್ಲಿಗೆ ಮೊದಲು ಹೋಗಬೇಕಾದದ್ದು ಮನುಷ್ಯನಲ್ಲ, ಗೊಬ್ಬರ ಎಂದರು. ಮಗಳು ನಕ್ಕಳು. ಬಾನುವೂ ನಕ್ಕರು. ಒಪ್ಪಿಗೆ ಸಿಕ್ಕಿದ್ದು ಆ ನಗುವಿನಲ್ಲೇ.

ಪಾತಿ ತುಂಬಿ ಸಸಿ ನೆಡುವ ಕೆಲಸ ನಯಾಜರಿಗೇ ಬಂತು. ಕ್ರಷರಿನಿಂದ ಕೆಂಪುಕಲ್ಲಿನ ಪುಡಿ ಬಂತು, ಮಂಗಳದ ಮಣ್ಣಿಗೆ ಬದಲಾಗಿ. ಗುಬ್ಬಿಯಿಂದ ತೆಂಗಿನ ನಾರಿನ ಪುಡಿ ಬಂತು. ಬಾನುವಿನ ತವರಿನವರದೇ ನಾರಿನ ಕಾರ್ಖಾನೆ ಅಲ್ಲಿದೆ. ಉಪ್ಪು ಹೋಗುವ ತನಕ ತೊಳೆಸಿ ಕಳಿಸಿದ್ದರು. ಎರಡನ್ನೂ ಕಲಸಿ, ಅಳತೆ ಮಾಡಿದ ಗೊಬ್ಬರದ ನೀರು ಹಾಯಿಸುವುದೆಂದು ಕೋಮಲಾ ಮೇಡಂ ಲೆಕ್ಕ ಹಾಕಿಟ್ಟಿದ್ದರು.

ನಯಾಜ್ ಆ ಮಿಶ್ರಣವನ್ನು ಅಂಗೈಯಲ್ಲಿಟ್ಟು ಹಿಸುಕಿದರು, ಮೂಸಿದರು, ಕೆಳಗೆ ಚೆಲ್ಲಿದರು.

"ಏನ್ ಮೇಡಂ ಇದು, ಜೀವನೇ ಇಲ್ವಲ್ಲ ಇದ್ರಲ್ಲಿ. ಒಂಚೂರು ಹೆಪ್ಪು ಹಾಕ್ಲಾ?"

ಮೇಡಂ ಯೋಚಿಸಿದರು. ಬೇರಿಗೆ ಜೊತೆಯಾಗುವ ಸೂಕ್ಷ್ಮಜೀವಿಗಳು ಹೇಗೂ ಬೇಕಿತ್ತು. ಪಾತಿಗೆ ಒಂದೊಂದು ಹಿಡಿ ಹಾಕಿ, ಅದಕ್ಕಿಂತ ಹೆಚ್ಚು ಬೇಡ ಎಂದರು. ನಯಾಜ್ ತಲೆಯಾಡಿಸಿದರು. ತಲೆಯಾಡಿಸಿದ್ದು ನಿಜ. ಆದರೆ ಆ ಮಣ್ಣಿನ ಮೇಲೆ ಬದುಕಬೇಕಾದವಳು ಮಗಳು. ಮಗಳಿಗೆ ಬಡಿಸುವಾಗ ಸೌಟು ಎಣಿಸುವ ತಂದೆ ಯಾವ ಊರಿನಲ್ಲಿದ್ದಾನೆ?

ಅಷ್ಟರಲ್ಲಿ ಚನ್ನವೀರಯ್ಯನವರು ಟೆಂಪೊ ತಂದು ನಿಲ್ಲಿಸಿದರು. ಅವರ ಹೊಲದಲ್ಲಿ ಬೇಸಿಗೆಯಲ್ಲಿ ಕುರಿಮಂದೆ ತಂಗಿಸುತ್ತಾರೆ, ಹಾಗಾಗಿ ಹಿಕ್ಕೆಗೆ ಬರವಿಲ್ಲ. ಮಗಳು ಯಾವುದೋ ಕಲ್ಲುಪುಡಿಯಲ್ಲಿ ಬೆಳೆದ ಸೊಪ್ಪು ತಿನ್ನುತ್ತಾಳೆಂದು ಕೇಳಿ ಅವರಿಗೆ ನಿದ್ದೆ ಬಂದಿರಲಿಲ್ಲ. ಇಬ್ಬರೂ ಮುಖ ನೋಡಿಕೊಂಡರು. ಹೆಚ್ಚು ಮಾತು ಬೇಕಾಗಲಿಲ್ಲ. ನಮ್ಮ ಕಡೆಯ ಮದುವೆ ಪಂಕ್ತಿಯಲ್ಲಿ ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದವರಿಗೆ ಆ ಕೈಯ ಮೇಲೆಯೇ ಬಡಿಸುತ್ತಾರಲ್ಲ, ಅದೇ ಉಮೇದಿನಲ್ಲಿ ಇಬ್ಬರು ತಂದೆಯರು ಪಾತಿಗಳ ತಳಕ್ಕೆ ಬುಟ್ಟಿಗಟ್ಟಲೆ ಸುರಿದರು. ಕೆಳಗೆ ಕುರಿಹಿಕ್ಕೆ, ಅದರ ಮೇಲೆ ನರ್ಸರಿಯ ಗುಪ್ಪೆಯ ಮಾಲು, ಮೇಲೊಂದು ಪದರ ಮೇಡಂ ಹೇಳಿದ ಕಲ್ಲುಪುಡಿ. ಮೋಸ ಮಾಡುತ್ತಿದ್ದೇವೆಂದು ಇಬ್ಬರಿಗೂ ಅನ್ನಿಸಲೇ ಇಲ್ಲ. ಪುಣ್ಯದ ಕೆಲಸ ಎಂದುಕೊಂಡೇ ಬೆವರೊರೆಸಿಕೊಂಡರು.

ಸಸಿಗಳು ಬೇರು ಹಿಡಿದು ಎಲೆ ಬಿಡುವವರೆಗೆ ಕಾದು, ದೀಪಾವಳಿ ಕಳೆದ ಮೇಲೆ ಹುಡುಗಿಯರು ಒಳಗೆ ಹೋದರು. ಬಾಗಿಲಿನ ರಬ್ಬರು ಪಟ್ಟಿ ಒತ್ತಿಕೊಂಡು ಕೂತಾಗ ಬಾನು ಮುಖ ತಿರುಗಿಸಿದರು. ನಯಾಜ್ ಮಾತ್ರ ಗಾಜಿಗೆ ಹಣೆ ಒತ್ತಿ ಒಳಗಿನ ಪಾತಿಗಳನ್ನೇ ನೋಡುತ್ತಿದ್ದರು.

ಗಿಡಗಳು ಬಂದ ಪರಿ ನೋಡಬೇಕಿತ್ತು. ದಿನಾ ಬೆಳಿಗ್ಗೆ ನರ್ಸರಿಗೆ ನೀರು ಹಾಯಿಸಿ, ಸ್ಕೂಟರಿನಲ್ಲಿ ಗುಬ್ಬಿ ರಸ್ತೆಗೆ ಹೋಗಿ ನಿಲ್ಲುತ್ತಿದ್ದರು ನಯಾಜ್. ಪಾಲಕ್ ಎಲೆ ಅಂಗೈಯಗಲ. ಹುರುಳಿಕಾಯಿ ಬಳ್ಳಿ ದಾರ ಬಿಟ್ಟು ಛಾವಣಿಯ ಕಂಬಿ ಹಿಡಿದಿತ್ತು. ಆಲೂಗಡ್ಡೆ ಸೊಪ್ಪಂತೂ ಪಾತಿಯ ಅಂಚು ಮೀರಿ ದಾರಿಗೆ ಬಿದ್ದಿತ್ತು. ಮೂವತ್ತು ವರ್ಷ ಗಿಡ ಸಾಕಿದವರು ಅಂಥ ಹಸಿರು ಕಂಡಿರಲಿಲ್ಲ. ಹೋಟೆಲಿನಲ್ಲಿ ಇಡ್ಲಿ ತಿನ್ನುವವರಿಗೆಲ್ಲ ಹೇಳಿಕೊಂಡು ಬಂದರು: ಮಂಗಳದಲ್ಲಿ ಬೇಸಾಯ ಮಾಡಬಹುದು, ಹೆಪ್ಪು ಒಂದು ಹೋದರೆ ಸಾಕು.

ಆದರೆ ಬಾಗಿಲ ಪಕ್ಕದ ಮೀಟರು ಬೇರೆ ಕತೆ ಹೇಳುತ್ತಿತ್ತು. ಅದು ಅಳೆಯುತ್ತಿದ್ದದ್ದು ಕಾರ್ಬನ್ ಡೈಆಕ್ಸೈಡನ್ನು. ನಯಾಜರ ಭಾಷೆಯಲ್ಲಿ ಬಿಟ್ಟ ಉಸಿರು. ಕತ್ತಲಾದ ಮೇಲೆ ಗಿಡಗಳು ಅದನ್ನು ಎಳೆದುಕೊಳ್ಳುವುದಿಲ್ಲವಾದ್ದರಿಂದ ಏರುತ್ತದೆ, ಬಿಸಿಲು ಬಂದಮೇಲೆ ಇಳಿಯುತ್ತದೆ. ಅಷ್ಟು ಲೆಕ್ಕ ಮೊದಲೇ ಇತ್ತು. ಎರಡನೇ ವಾರದಿಂದ ಏರಿದ್ದು ಪೂರ್ತಿ ಇಳಿಯಲಿಲ್ಲ. ಇಬ್ಬರು ಹುಡುಗಿಯರು ಇಷ್ಟು ಉಸಿರು ಬಿಡಲು ಸಾಧ್ಯವೇ ಇಲ್ಲವೆಂದು ಕೋಮಲಾ ಮೇಡಂ ಮತ್ತೆ ಮತ್ತೆ ಲೆಕ್ಕ ಮಾಡಿದರು. ಮೀಟರು ಕೆಟ್ಟಿದೆಯೆಂದು ಬೇರೆ ತರಿಸಿದರು. ಹೊಸದೂ ಅದನ್ನೇ ತೋರಿಸಿತು.

ಒಂದು ಬೆಳಿಗ್ಗೆ ಮುಬಶ್ಶಿರಾ, ಒಳಗಿನ ಮಾತು ಹೊರಗೆ ಕೇಳಿಸಲೆಂದು ಇಟ್ಟಿದ್ದ ಸ್ಪೀಕರಿನಲ್ಲಿ, ತಲೆ ಸಿಡಿಯುತ್ತಿದೆ ಎಂದಳು. ಮನೆಯಲ್ಲಾದರೆ ಅಪ್ಪ ಮಗಳದು ಉರ್ದು. ಇಲ್ಲಿ ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ ಮಾತು. ಪಾತಿಯೊಳಗೆ ಕೈ ಹಾಕಿದೆ, ಬಿಸಿ ಇದೆ ಅಬ್ಬಾ, ನಮ್ಮ ಗುಪ್ಪೆಯ ಹಾಗೇ ಇದೆ ಎಂದೂ ಹೇಳಿದಳು.

ನಯಾಜ್ ಆ ಕ್ಷಣವೇ ಮೇಡಂ ಕಡೆ ತಿರುಗಿ, ತಳದಲ್ಲಿ ಏನಿದೆ, ಎಷ್ಟು ಬುಟ್ಟಿ ಹಾಕಿದೆವು ಎಂಬುದನ್ನು ಒಂದೂ ಬಿಡದೆ ಹೇಳಿಬಿಟ್ಟರು. ಇಷ್ಟು ದಿನ ಅದು ಹೇಳಬೇಕಾದ ವಿಷಯ ಎಂದೇ ಅವರಿಗೆ ಹೊಳೆದಿರಲಿಲ್ಲ.

ಕೋಮಲಾ ಮೇಡಂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಕಟ್ಟೆಯ ಮೇಲೆ ಕೂತುಬಿಟ್ಟರು. "ಒಂದು ಹಿಡಿ ಹೆಪ್ಪಲ್ಲಿ, ಭೂಮಿ ಮೇಲಿರೋ ಜನಕ್ಕಿಂತ ಜಾಸ್ತಿ ಜೀವ ಇರುತ್ತೆ ಸಾಹೇಬ್ರೇ. ಅವೆಲ್ಲಾ ಉಸಿರಾಡ್ತವೆ, ನಮ್ಮ ಥರಾನೇ. ನಾನು ಇಬ್ಬರ ಉಸಿರು ಲೆಕ್ಕ ಹಾಕಿದ್ದೆ."

ನಯಾಜ್ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ತಂದೆಯ ಮಯ್ಯತ್ತಿನ ದಿನ ಇದೇ ಕೈಯಿಂದ ಮೂರು ಹಿಡಿ ಮಣ್ಣು ಹಾಕಿದ್ದರು. ಮಣ್ಣೆಂದರೆ ಮಾತು ಮುಗಿದ ಜಾಗ, ಎಲ್ಲವೂ ಸುಮ್ಮನಾಗುವ ಜಾಗ ಎಂದು ಅಂದು ಅನ್ನಿಸಿತ್ತು. ಅದು ತಪ್ಪು. ಅಲ್ಲಿ ಯಾವುದೂ ಸುಮ್ಮನಿಲ್ಲ. ದಿನಾ ತುಳಿದು ಓಡಾಡಿದ ನೆಲ, ಉಗುರಿನ ಸಂದಿಯ ಕೊಳೆ, ಎಲ್ಲವೂ ತನ್ನ ಹಾಗೇ ಉಸಿರು ಎಳೆದು ಬಿಡುತ್ತಿದೆ ಎಂಬ ತಿಳಿವಳಿಕೆ ಅವರೊಳಗೆ ಇಳಿಯಲು ಹೊತ್ತು ಹಿಡಿಯಿತು. ಹೆದರಿಕೆಯ ನಡುವೆಯೂ ಅವರಿಗೆ ಬೆರಗಾಯಿತು. ಬೆರಗಾದದ್ದಕ್ಕೆ ನಾಚಿಕೆಯೂ ಆಯಿತು, ಮಗಳು ಒಳಗಿದ್ದಾಳೆ.

ನರ್ಸರಿಯಲ್ಲಿ ಗೊಬ್ಬರ ಕಾವೇರಿದರೆ ಅವರು ಮಾಡುವುದು ಒಂದೇ: ಕೆದಕಿ, ಹರವಿ, ಗಾಳಿಗೆ ಬಿಡುವುದು. ಕೈಗೆ ರೂಢಿಯಾದದ್ದು ಬಾಯಿಗೂ ಬಂತು. ಕೆದಕಿ ಹರವಲು ಮಗಳಿಗೆ ಹೇಳಿದರು. ಬೇಡವೆಂದು ಮೇಡಂ ಎದ್ದು ಬರುವಷ್ಟರಲ್ಲಿ ಹುಡುಗಿಯರು ಒಂದು ಪಾತಿಯನ್ನು ತಿರುವಿಹಾಕಿದ್ದರು. ಮುಚ್ಚಿಕೊಂಡಿದ್ದ ಹಿಕ್ಕೆಗೆ ಹೊಸ ಗಾಳಿ ತಾಗಿ ಅದು ಇನ್ನಷ್ಟು ಚುರುಕಾಯಿತು. ಮಧ್ಯಾಹ್ನಕ್ಕೆ ಮೀಟರು ಎಂದೂ ಇಲ್ಲದಷ್ಟು ಏರಿತು.

ಹಾಗಾದರೆ ತೆಗೆದು ಆಚೆ ಹಾಕಿ ಎಂದರು ನಯಾಜ್.

"ಆಚೆ ಅಂದ್ರೆ ಎಲ್ಲಿ ಅಂಕಲ್?" ಎಂದಳು ಸಿಂಚನಾ ಒಳಗಿನಿಂದ.

ಅವಳು ಜಾಣತನ ತೋರಿಸಲು ಕೇಳಿದ್ದಲ್ಲ. ಪಾಪ, ಕೈಯಲ್ಲಿ ಸಲಿಕೆ ಹಿಡಿದು ನಿಜವಾಗಿಯೇ ಕೇಳಿದ್ದು. ನಯಾಜರ ಜೀವನವೆಲ್ಲ ಆಚೆ ಎಂಬುದೊಂದು ಇತ್ತು. ಹೊಗೆ ಆಚೆ ಹೋಗುತ್ತದೆ, ಕೊಳಚೆ ಆಚೆ ಹೋಗುತ್ತದೆ, ಕಾವು, ನಾತ, ನಿಟ್ಟುಸಿರು ಎಲ್ಲವೂ ಹೋಗುತ್ತವೆ. ಹೋಗಿ ಎಲ್ಲಿ ಸೇರುತ್ತವೆ, ಯಾರು ಅವನ್ನು ತೊಳೆದು ಮತ್ತೆ ಕಳಿಸುತ್ತಾರೆ ಎಂದು ಯಾವತ್ತಾದರೂ ಕೇಳಿದ್ದುಂಟೆ? ಆ ಮನೆಯೊಳಗೆ ಆಚೆ ಇರಲಿಲ್ಲ. ಮಂಗಳಕ್ಕೆ ಹೋದವರಿಗೂ ಇರುವುದಿಲ್ಲ. ಮನುಷ್ಯ ಅಲ್ಲಿಗೆ ಬುತ್ತಿ, ನೀರು, ಬಟ್ಟೆ ಎಲ್ಲ ಹೊತ್ತೊಯ್ಯಬಹುದು, ಆಚೆಯನ್ನು ಹೊತ್ತೊಯ್ಯುವುದು ಹೇಗೆ?

ಮೇಡಂ ಹೇಳಿದಂತೆ ಹುಡುಗಿಯರು ಆದಷ್ಟು ಹಿಕ್ಕೆ ತೆಗೆದು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ ಬಿಗಿಯಾಗಿ ಕಟ್ಟಿದರು. ಹಾಗೆ ಖಾಲಿಯಾದ ಪಾತಿಗಳಿಗೆ ನೀರು ಬಿಡುವುದನ್ನು ನಿಲ್ಲಿಸಿ ಒಣಗಲು ಬಿಟ್ಟರು. ಏರಿಕೆ ನಿಧಾನವಾಯಿತು. ಇನ್ನೇನು ದಡ ಸೇರಿದೆವು ಎನ್ನುವಾಗ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು. ತುಮಕೂರಿನ ಮೇಲೆ ಬೂದುಬಣ್ಣದ ಮೋಡ ಕವುಚಿ ಕೂತಿತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಜನ ಸ್ವೆಟರು ಹಾಕಿಕೊಂಡು ಥಂಡಿ ಗಾಳಿಯಲ್ಲಿ ಟೀ ಕುಡಿದರು. ಬಿಸಿಲಿಲ್ಲದ ಹಗಲಿನಲ್ಲಿ ಗಿಡಗಳು ಅರ್ಧ ಹೊಟ್ಟೆಯ ಕೂಲಿಗಳಂತೆ ನಿಧಾನಕ್ಕೆ ಕೆಲಸ ಮಾಡಿದವು. ಮೀಟರು ಮತ್ತೆ ಮೇಲಕ್ಕೆ.

ಆಮೇಲೆ ನಯಾಜ್ ನರ್ಸರಿಗೆ ಹೋಗಲಿಲ್ಲ. ದಿನವೆಲ್ಲ ಗಾಜಿನ ಮನೆಯ ಮುಂದೆ, ತಲೆಯೆತ್ತಿ ಮೋಡ ನೋಡುವುದು, ತಲೆ ತಗ್ಗಿಸಿ ಮೀಟರು ನೋಡುವುದು. ಆಕಾಶದ ಆ ಬೆಳಕು ಇಷ್ಟು ದಿನ ತನ್ನ ನರ್ಸರಿಯಲ್ಲಿ, ಹುತ್ರಿದುರ್ಗದ ಹೊಲದಲ್ಲಿ, ಗುಬ್ಬಿಯ ತೆಂಗಿನ ತೋಟಗಳಲ್ಲಿ ಏನು ಮಾಡುತ್ತಿತ್ತು ಎಂಬುದು ಅವರಿಗೆ ಈಗ ಕಾಣುತ್ತಿತ್ತು. ಒಂದೊಂದು ಎಲೆಯೂ ಯಾರೋ ಬಿಟ್ಟ ಉಸಿರನ್ನು ತೊಳೆಯುತ್ತಾ ಕೂತಿದೆ. ಇದನ್ನು ಇಲ್ಲಿ ಹೀಗೆ ಸರಿಹೊಂದಿಸಲು ಎಷ್ಟು ಕಾಲ ಹಿಡಿಯಿತು ಎಂದು ಮೇಡಂರನ್ನು ಕೇಳಿದರು. ನೂರಾರು ಕೋಟಿ ವರ್ಷ ಎಂದರು ಮೇಡಂ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯಂಥವು ಸಮುದ್ರದಲ್ಲಿ ಕೂತು ನಮ್ಮ ಗಾಳಿಯನ್ನು ಗುಳ್ಳೆ ಗುಳ್ಳೆಯಾಗಿ ಮಾಡಿದವಂತೆ. ನಾವು ಎರಡು ವರ್ಷದಲ್ಲಿ ಮಾಡಲು ಹೊರಟಿದ್ದೆವಲ್ಲ ಎನ್ನುವಾಗ ಮೇಡಂ ದನಿಯಲ್ಲಿ ನಗುವಿತ್ತೋ ಅಳುವಿತ್ತೋ ಹೇಳುವುದು ಕಷ್ಟ.

ತಿಂಗಳು ತುಂಬಲು ಇನ್ನು ಕೆಲವೇ ದಿನ ಇದ್ದಾಗಿನ ಮಾತು. ಬಾನು ಬೆಳಿಗ್ಗೆಯೇ ಗಂಡನಿಗೆ ಹೇಳಿ ಕಳಿಸಿದ್ದರು: ಬಾಗಿಲು ನಿಮ್ಮ ಮಾತಿನಲ್ಲಿದೆ, ನಾನು ಇನ್ನೇನೂ ಹೇಳುವುದಿಲ್ಲ. ಚನ್ನವೀರಯ್ಯನವರೂ ಹುತ್ರಿದುರ್ಗದಿಂದ ಬಂದು ಹೆಗಲ ಮೇಲಿನ ಟವೆಲ್ಲು ಹಿಂಡುತ್ತಾ ನಿಂತಿದ್ದರು. ಮೀಟರು ಕೆಂಪು ಗೆರೆಯ ಕೆಳಗೇ ಇತ್ತು, ಬಹಳ ಕೆಳಗಲ್ಲ. ನಿಯಮದ ಪ್ರಕಾರ ಗೆರೆ ಮುಟ್ಟುವ ತನಕ ಅಪಾಯವಿಲ್ಲ ಎಂದು ಮೇಡಂ ಹೇಳಿದರು. ಹೇಳುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ.

ಸಿಂಚನಾ ಒಳಗೆ ಪಾತಿಯ ಅಂಚಿಗೆ ಒರಗಿ ಕಣ್ಣು ಮುಚ್ಚಿದ್ದಳು. ಮುಬಶ್ಶಿರಾ ಗಾಜಿನ ಹತ್ತಿರ ಬಂದಳು. ಅವಳ ಹಿಂದೆ ಆ ಹಸಿರು, ನೆಲದಿಂದ ಛಾವಣಿಯವರೆಗೆ, ಕಣ್ಣು ಕುಕ್ಕುವಂತೆ. ಬಿಟ್ಟ ಉಸಿರು ಹೆಚ್ಚಾದಷ್ಟೂ ಗಿಡಗಳಿಗೆ ಹಬ್ಬವಂತೆ. ನಯಾಜರಿಗೆ ಆ ಸೊಪ್ಪನ್ನೆಲ್ಲ ಕಿತ್ತುಹಾಕಬೇಕು ಎನ್ನುವಷ್ಟು ಸಿಟ್ಟು ಬಂತು, ಮರುಕ್ಷಣವೇ ಅದರ ಚೆಲುವಿಗೆ ಕಣ್ಣು ತುಂಬಿತು. ಆ ಚೆಲುವು, ಮಗಳ ಈ ಕಷ್ಟ, ಎರಡೂ ಅವರೇ ಮಾಡಿದ್ದು.

"ಅಬ್ಬಾ, ತೆಗಿಸ್ಬೇಡಿ. ನಾಳೆ ಬಿಸಿಲು... ಬರುತ್ತೆ. ಇನ್ನೊಂದು ನಾಲ್ಕು ದಿನ... ಅಷ್ಟೇ. ನಾನಿರ್ತೀನಿ."

ಮೂರು ಮಾತಿನ ನಡುವೆ ಎರಡು ಸಲ ನಿಂತು ಉಸಿರೆಳೆದುಕೊಂಡಳು. ಹುಟ್ಟಿದಂದಿನಿಂದ ಆ ಮಗುವಿನ ಮಾತು ಕೇಳಿದ ತಂದೆ. ಅವಳಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಎದೆ ಏರಿಳಿಯುವುದನ್ನು ನೋಡುತ್ತಾ ಕೂತವರು. ಈಗ ಅವಳ ಭುಜಗಳು ಮೇಲಕ್ಕೆದ್ದು ಇಳಿಯುತ್ತಿದ್ದವು, ಉಸಿರಾಡುವುದೂ ಒಂದು ಕೆಲಸವಾದಂತೆ. ಬಾಗಿಲು ತೆಗೆಸಿದರೆ ಅವಳ ಎರಡು ವರ್ಷ ಹೋಗುತ್ತದೆ. ಹಾಳುಮಾಡಿದ್ದು ತನ್ನದೇ ಗೊಬ್ಬರ, ಕೊನೆಗಾಣಿಸುವುದೂ ತನ್ನದೇ ಮಾತು. ಸುಮ್ಮನಿದ್ದರೆ ಮಗಳು ಗೆಲ್ಲಲೂಬಹುದು. ಸುಮ್ಮನಿದ್ದು ಅವಳು ಮಾತೇ ನಿಲ್ಲಿಸಿದರೆ?

ಅವರು ಚನ್ನವೀರಯ್ಯನವರ ಕಡೆ ನೋಡಿದರು.

"ನೀವೇನಂತೀರೋ ನಾನೂ ಅದೇಯ ಸಾಬ್ರೇ," ಎಂದರು ಅವರು. "ನಂಗೆ ಬಾಯೇ ಬತ್ತಾ ಇಲ್ಲ."

ನಯಾಜ್ ಮಗಳ ಮುಖ ನೋಡುತ್ತಲೇ ಹೇಳಿದರು: "ತೆಗೀರಿ ಮೇಡಂ."

ಮುಬಶ್ಶಿರಾ ಗಾಜಿನ ಮೇಲೆ ಅಂಗೈ ಬಡಿದಳು, ಒಂದೇ ಸಲ. ಅಷ್ಟರಲ್ಲಿ ರಬ್ಬರು ಪಟ್ಟಿ ಕಿತ್ತು ಬಾಗಿಲು ತೆರೆದುಕೊಂಡಿತ್ತು. ಬಿಸಿಯಾದ, ಮಣ್ಣುವಾಸನೆಯ, ಒದ್ದೆ ಗಾಳಿ ಹೊರಗಿದ್ದವರ ಮುಖಕ್ಕೆ ಬಂತು. ಹೊರಗಿನ ಥಂಡಿ ಒಳಗೆ ನುಗ್ಗಿ ಆಲೂಗಡ್ಡೆ ಸೊಪ್ಪನ್ನು ಅಲ್ಲಾಡಿಸಿತು. ಆ ಎಲೆಗಳು ಹುಟ್ಟಿದ ಮೇಲೆ ಗಾಳಿಗೆ ಅಲ್ಲಾಡಿದ್ದು ಅದೇ ಮೊದಲು. ಸಿಂಚನಾಳನ್ನು ಚನ್ನವೀರಯ್ಯನವರು ತೋಳು ಹಿಡಿದು ಕರೆತಂದರು; ಅವಳು ಅಪ್ಪನ ಹೆಗಲಿಗೆ ತಲೆಯಿಟ್ಟು ಅತ್ತಳು. ಮುಬಶ್ಶಿರಾ ಯಾರ ಕೈಯನ್ನೂ ಹಿಡಿಯದೆ, ಅಪ್ಪನನ್ನು ದಾಟಿ ಹೋಗಿ, ಬಯಲಿನ ಅಂಚಿನ ಕಲ್ಲುಚಪ್ಪಡಿಯ ಮೇಲೆ ಬೆನ್ನು ಹಾಕಿ ಕುಳಿತಳು.

ಮೀಟರಿನ ಅಂಕಿ ಬಿದ್ದದ್ದನ್ನು ನಯಾಜ್ ಕಣ್ಣಾರೆ ಕಂಡರು. ವಾರಗಟ್ಟಲೆ ಗಿಡಗಳು, ಮೇಡಂ, ಹುಡುಗಿಯರು ಸೇರಿ ಇಳಿಸಲಾಗದ್ದು, ಅವರು ನಿಂತು ನೋಡುತ್ತಿರುವಾಗಲೇ ಸರಸರನೆ ಇಳಿದುಹೋಯಿತು. ಹೊರಗೋಡೆಗೆ ಇನ್ನೊಂದು ಮೀಟರಿತ್ತು, ಬಯಲಿನ ಗಾಳಿ ಅಳೆಯುವುದಕ್ಕೆ. ಒಳಗಿನದೆಲ್ಲ ಹೊರಬಂದಮೇಲೆ ಅದು ಎಷ್ಟು ಏರಬಹುದೆಂದು ನಯಾಜ್ ಗಾಬರಿಯಿಂದ ಅದನ್ನೇ ನೋಡಿದರು. ಒಂದಿಷ್ಟು ಅಲುಗಿ, ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಿತು. ಮಕ್ಕಳಿಬ್ಬರು ಉಸಿರುಗಟ್ಟಿ ಬಿಟ್ಟದ್ದು, ಕೋಟಿ ಕೋಟಿ ಕಾಣದ ಜೀವಗಳು ಬಿಟ್ಟದ್ದು, ಅಷ್ಟನ್ನೂ ಈ ಬಯಲು ತೆಗೆದುಕೊಂಡಿತು, ತೆಗೆದುಕೊಂಡದ್ದು ಗೊತ್ತೇ ಆಗಲಿಲ್ಲ. ಗುಬ್ಬಿ ರಸ್ತೆಯ ಮೇಲೆ ಕೊಬ್ಬರಿ ತುಂಬಿದ ಲಾರಿಯೊಂದು ಹೊಗೆ ಉಗುಳುತ್ತಾ ಹೋಯಿತು. ಅದನ್ನೂ ಮೋಡದ ಕೆಳಗಿನ ಗಾಳಿ ಸುಮ್ಮನೆ ತನ್ನೊಳಗೆ ತೆಗೆದುಕೊಂಡಿತು.

ಮಗಳ ಬಳಿ ಹೋಗಲು ಅವರಿಗೆ ಧೈರ್ಯ ಬರಲಿಲ್ಲ. ಸ್ವಲ್ಪ ದೂರದಲ್ಲಿ ನಿಂತರು. ಅವಳು ಅಳುತ್ತಿದ್ದಾಳೆ ಎಂದುಕೊಂಡಿದ್ದರು. ಅಳುತ್ತಿರಲಿಲ್ಲ. ಬಾಯಿ ಸ್ವಲ್ಪ ತೆರೆದು, ಕಣ್ಣು ಮುಚ್ಚಿ, ಉಸಿರಾಡುತ್ತಿದ್ದಳು. ಎಳೆದುಕೊಂಡದ್ದನ್ನು ಬಾಯಿತುಂಬ ಇಟ್ಟುಕೊಂಡು, ರುಚಿ ನೋಡಿ, ಒಲ್ಲದ ಮನಸ್ಸಿನಿಂದ ಬಿಟ್ಟಂತೆ ಬಿಡುತ್ತಿದ್ದಳು. ಭುಜಗಳು ಏಳುವುದು ನಿಂತಿತ್ತು. ತುಟಿಗೆ ಬಣ್ಣ ಬರುತ್ತಿತ್ತು.

ಕೊನೆಗೆ ತಿರುಗದೆಯೇ ಮಾತಾಡಿದಳು. ಸ್ಪೀಕರಿನ ರೂಢಿಯೋ ಏನೋ, ಕನ್ನಡದಲ್ಲೇ.

"ನಿಮ್ಮೇಲೆ ಕೋಪ ಇದೆ ಅಬ್ಬಾ."

"ಇರ್ಲಿ."

"ನೀವ್ ಆಚೆ ಇದ್ರಿ. ತೆಗೀರಿ ಅಂದ್ರಿ, ತೆಗುದ್ರು." ಅವಳು ಮತ್ತೊಂದು ಉಸಿರು ಎಳೆದುಕೊಂಡಳು. "ಅಲ್ಲಿಗೆ ಹೋದೋರ್ಗೆ ಆಚೆ ಯಾರಿರ್ತಾರೆ?"

ನಯಾಜ್ ಮೇಲೆ ನೋಡಿದರು. ಮೋಡ ಹಾಗೇ ಇತ್ತು. ಅದರಾಚೆ ಎಲ್ಲೋ ಒಂದು ಕಡೆ ಯಾರೂ ಉಸಿರಾಡದ ಆ ಕೆಂಪು ನೆಲ. ಈಚೆ, ಯಾರೂ ಕಾವಲಿಲ್ಲದೆ, ಯಾವ ಮೀಟರೂ ನೋಡಿಕೊಳ್ಳದೆ, ಎಲ್ಲರಿಗೂ ಸಾಲುವಷ್ಟು ಗಾಳಿ.

"ಅವ್ರ ಅಪ್ಪಂದಿರು ಇರ್ತಾರೆ ಬೇಟಾ," ಎಂದರು. "ಇಲ್ಲೇ ಇರ್ತಾರೆ, ಮೇಲ್ ನೋಡ್ಕೊಂಡು. ಬಾಗ್ಲು ಅವ್ರ ಕೈಗೆ ಎಟಕಲ್ಲ, ಅಷ್ಟೇ."

ಮುಬಶ್ಶಿರಾ ತಿರುಗಿ ಅಪ್ಪನ ಮುಖ ನೋಡಿದಳು. ಚಪ್ಪಡಿಯ ಮೇಲೆ ಸ್ವಲ್ಪ ಸರಿದು, ಅವರಿಗೆ ಕೂರಲು ಜಾಗ ಮಾಡಿಕೊಟ್ಟಳು.